ವಸಂತಿ ಹಿಡಿದ ಕಾಯಿ

ಚಳಿಗಾಲ ಬಂತೆಂದರೆ ಈ ಕೊಲ್ಲಿ ನಾಡಿನ ಮಿರ್ದಿಫ್‌ನ ಪಾರ್ಕಿನಲ್ಲಿ ನಮ್ಮ ತುಳುವರ ಸಂಘದ ಕಾಯಿ ಕುಟ್ಟುವ ಆಟ ನಡೆಯುತ್ತದೆ. ಒಬ್ಬರು ತೆಂಗಿನಕಾಯಿ ಹಿಡಿದು ನಿಲ್ಲಬೇಕು, ಎದುರಾಳಿ ತನ್ನ ಕಾಯಿಯಿಂದ ಅದಕ್ಕೆ ಕುಟ್ಟಬೇಕು. ಸರದಿಯ ಪ್ರಕಾರ ಕುಟ್ಟುತ್ತಾ ಹೋದಂತೆ ಯಾರ ಕಾಯಿ ಒಡೆಯುತ್ತದೋ ಅವರು ಸೋತರು.

ಈ ಸಲ ಫೈನಲ್‌ಗೆ ಸ್ವಲ್ಪ ಮೊದಲು ಮಿರ್ದಿಫ್ ತಂಡದ ರಂಜಿತ್‌ನ ಮಣಿಕಟ್ಟು ಉಳುಕಿತು.

“ಹಾಗಾದ್ರೆ ನಾನು ಆಡ್ತೇನೆ” ಎಂದು ವಸಂತಿ ಪಾಯಸದ ಸೌಟು ಕೆಳಗಿಟ್ಟು ಎದ್ದರು. ಹನ್ನೆರಡು ವರ್ಷ ಎಲ್ಲರಿಗೂ ಬಡಿಸಿದ್ದ ಅವರನ್ನು ಆಟಕ್ಕೆ ಯಾರೂ ಕರೆದಿರಲಿಲ್ಲ.

ಎದುರಿಗಿದ್ದವರು ಮುಸಫ್ಫಾ ತಂಡದ ಸರ್ವೋತ್ತಮ. ಐದು ವರ್ಷಗಳಿಂದ ಸೋತವರಲ್ಲ.

“ಅಕ್ಕ, ಕೈಗೆ ಪೆಟ್ಟಾದೀತು.”

“ಅದನ್ನು ನಾನು ನೋಡಿಕೊಳ್ತೇನೆ ಮಾರಾಯ್ರೆ. ನೀವು ಕುಟ್ಟಿ!”

ವಸಂತಿ ರಾಶಿಯಲ್ಲಿದ್ದ ಕಾಯಿಗಳನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಎಲ್ಲಕ್ಕಿಂತ ಸಣ್ಣದನ್ನು ಆರಿಸಿದರು. ಮುಸಫ್ಫಾದವರು ನಕ್ಕರು. ಸರ್ವೋತ್ತಮ ಬಲವಾಗಿ ಕುಟ್ಟಿದರು. ವಸಂತಿಯ ಕೈ ಜುಮ್ಮೆಂದಿತು, ಕಾಯಿಗೆ ಮಾತ್ರ ಏನೂ ಆಗಲಿಲ್ಲ.

“ಅಮ್ಮಾ, ಕಮಾನ್!” ಮಗಳು ಅಕ್ಷಿತಾ ಕುರ್ಚಿ ಹತ್ತಿ ಕೂಗಿದಳು. “ಯಲ್ಲಾ, ಯಲ್ಲಾ!” ಎಂದು ಪಾರ್ಕಿಗೆ ಪಾರ್ಕೇ ದನಿಗೂಡಿಸಿತು.

ವಸಂತಿ ಉಸಿರು ಬಿಗಿಹಿಡಿದು ಕುಟ್ಟಿದರು. ಫಟ್! ಸರ್ವೋತ್ತಮರ ಕಾಯಿ ಎರಡು ಹೋಳಾಯಿತು, ನೀರೆಲ್ಲ ಅವರ ಅಂಗಿಯ ಮೇಲೆ ಚಿಮ್ಮಿತು.

ಒಂದು ಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ಸರ್ವೋತ್ತಮರೇ ಮೊದಲು ಚಪ್ಪಾಳೆ ತಟ್ಟಿದರು. “ಕಾಯಿ ಆರಿಸೋದನ್ನು ನಮ್ಮವರಿಗೂ ಸ್ವಲ್ಪ ಹೇಳಿಕೊಡಿ ಅಕ್ಕ.”

“ಮಾಫಿ, ಅದೆಲ್ಲ ಇಲ್ಲ! ಬರುವ ವರ್ಷವೂ ನಾನು ಆಡ್ಲಿಕ್ಕುಂಟು” ಎಂದು ವಸಂತಿ ನಕ್ಕರು.

ಅಷ್ಟರಲ್ಲಿ ಬರುವ ವರ್ಷದ ಆಟಕ್ಕೆ ಹೆಸರು ಕೊಡಲು ನಾಲ್ವರು ಹೆಂಗಸರು ಸಂಘದ ಕಾರ್ಯದರ್ಶಿಯನ್ನು ಸುತ್ತುವರಿದಿದ್ದರು.