ಎಸೆತಾ ಬೇಡವೆಂದ ಇಂಜೆಕ್ಷನ್

ಓರಗಿತ್ತಿ ಮಸಿನಾಳ ನಗು ಕೇಳಿದರೆ ಎಸೆತಾಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಈಗ ಆ ನಗು ಆಸ್ಪತ್ರೆಯ ಪಕ್ಕದ ಮಂಚದಿಂದಲೇ ಕೇಳಿಬರುತ್ತಿತ್ತು.

ಚರ್ಚಿನಿಂದ ಬರುವಾಗ ಪಿಕಪ್ ಗಾಡಿ ಚರಂಡಿಗೆ ಉರುಳಿ ಇಬ್ಬರಿಗೂ ಕಣಕಾಲಿನ ಮೂಳೆ ಮುರಿದಿತ್ತು. ರಾಜಧಾನಿ ಅಪಿಯಾದ ದೊಡ್ಡಾಸ್ಪತ್ರೆಯಲ್ಲಿ ಒಂದೇ ದಿನ ಇಬ್ಬರಿಗೂ ಆಪರೇಷನ್ ಆಯಿತು. ಸಂಜೆಗೆ ಎಸೆತಾ ಹಲ್ಲು ಕಚ್ಚಿ ನರಳುತ್ತಿದ್ದಳು. ಮಸಿನಾ ಮಾತ್ರ ಅತ್ತೆ ಕೆಸುವಿನೆಲೆಯಲ್ಲಿ ಬೇಯಿಸಿ ತಂದ ಪಾಲುಸಾಮಿ ತಿಂದು, ಬೆರಳಿಗಂಟಿದ ತೆಂಗಿನಹಾಲು ಚೀಪುತ್ತಿದ್ದಳು.

"ನೋಡ್ರಪ್ಪಾ ನನ್ನ ಕಿರಿಸೊಸೇನ! ಎಂಥಾ ಗಟ್ಟಿಗಿತ್ತಿ!" ಎಂದರು ಅತ್ತೆ, ವಾರ್ಡಿಗೆಲ್ಲ ಕೇಳುವಂತೆ.

ಕಾಲಿನ ನೋವಿಗಿಂತ ಆ ಮಾತೇ ಎಸೆತಾಗೆ ಹೆಚ್ಚು ಚುಚ್ಚಿತು. ನರ್ಸ್ ಪೆನೀನಾ ಬಂದದ್ದೇ ತಡ, ಸಿಡುಕಿದಳು. "ಅವಳಿಗೆ ಒಳ್ಳೇ ಔಷಧಿ, ನನಗೆ ಬರೀ ಮಾತ್ರೆನಾ?"

"ಅಯ್ಯೋ ಅಕ್ಕಾ, ನಿಮಗೂ ಕೊಡ್ತೀವಿ ಅಂದ್ವಲ್ಲ. ನೀವೇ ಬೇಡ ಅಂದ್ರಿ."

ನಿಜ. ಮಂಡಿಯ ಹಿಂದಿನ ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ ಎಂದಾಗ, ಕಾಲೇ ಬಿದ್ದುಹೋದರೆ ಗತಿಯೇನು ಎಂದು ಎಸೆತಾಳೇ ಹೆದರಿದ್ದಳು.

"ಹಾಗಾದ್ರೆ ಇವಳ ಕಾಲು ಬಿದ್ದುಹೋಗಲ್ವಾ?" ಎಸೆತಾಳ ದನಿಯಲ್ಲಿ ಸಣ್ಣದೊಂದು ಆಸೆಯೂ ಇತ್ತು.

ಪೆನೀನಾ ನಕ್ಕಳು. "ಇಲ್ಲಕ್ಕಾ, ನಾಳೆ ಹೊತ್ತಿಗೆ ಜೋಮು ಇಳಿಯುತ್ತೆ. ಸ್ಕ್ಯಾನಿಂಗ್‌ನಲ್ಲಿ ನರ ನೋಡ್ಕೊಂಡೇ ಕೊಡ್ತಾರೆ, ತೊಂದ್ರೆ ಆಗೋದು ತೀರಾ ಅಪರೂಪ. ಇಳಿಯೋ ಮುಂಚೇನೇ ಮಾತ್ರೆ ನುಂಗ್ಬೇಕು, ಇಲ್ಲಾಂದ್ರೆ ನೋವು ಒಮ್ಮೆಗೇ ನುಗ್ಗುತ್ತೆ. ಜೋಮು ಇರೋತನಕ ಆ ಕಾಲು ಊರಂಗೇ ಇಲ್ಲ, ಆಮೇಲೂ ಡಾಕ್ಟರು ಹೇಳಿದ್ಮೇಲೇನೇ."

"ನಾನ್ಯಾವ ಗಟ್ಟಿಗಿತ್ತಿ ಅಕ್ಕಾ," ಎಂದಳು ಮಸಿನಾ ಮೆಲ್ಲಗೆ. "ನೋವು ತಡ್ಕೊಳ್ಳಕ್ಕಾಗಲ್ಲ, ಇಂಜೆಕ್ಷನ್ ಕೊಡಿ ಅಂತ ಡಾಕ್ಟರ ಮುಂದೆ ಅತ್ತಿದ್ದೆ."

ಎಸೆತಾ ಅವಳನ್ನೇ ದಿಟ್ಟಿಸಿದಳು. ಆಮೇಲೆ ಪೆನೀನಾ ಕಡೆ ತಿರುಗಿ ಕೇಳಿದಳು, "ನನಗೂ ಈಗ ಕೊಡಕ್ಕಾಗುತ್ತಾ?"

"ಆಪರೇಷನ್ ಆದ್ಮೇಲೂ ಕೊಡಬಹುದು. ಡಾಕ್ಟರು ಕಾಲು ನೋಡಿ ಹೇಳ್ತಾರೆ."

"ಕರೀರಿ. ಅವಳಿಗಿಂತ ಒಂದು ತೊಟ್ಟು ಜಾಸ್ತೀನೇ ಕೊಡ್ಲಿ!"

ಡಾಕ್ಟರು ಬಂದು ಕಾಲು ಪರೀಕ್ಷಿಸಿ, ಎಲ್ಲರಿಗೂ ಕೊಡುವಷ್ಟೇ ಕೊಟ್ಟರು. ಸ್ವಲ್ಪ ಹೊತ್ತಿಗೆ ನೋವು ತಗ್ಗಿ ಎಸೆತಾ ನಿದ್ದೆಹೋದಳು. ಮರುದಿನ ಯಾರ ಕಾಲ್ಬೆರಳು ಮೊದಲು ಅಲ್ಲಾಡುತ್ತದೆಂದು ಇಬ್ಬರಿಗೂ ಪೈಪೋಟಿ. ಮಸಿನಾಳದ್ದೇ ಮೊದಲು ಅಲ್ಲಾಡಿತು. ಎಸೆತಾಗೆ ಅದಕ್ಕೂ ಹೊಟ್ಟೆ ಉರಿಯಿತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಲಿನ ಆಪರೇಷನ್ ಇದೆಯೇ? ನರ ಮರಗಟ್ಟಿಸುವ ಇಂಜೆಕ್ಷನ್ ಅವರಿಗೆ ಆಗುತ್ತದೆಯೇ ಎಂದು ಡಾಕ್ಟರನ್ನು ಮೊದಲೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಇಂಜೆಕ್ಷನ್ ಆದ ಮೇಲೂ ನೋವು ಏರಿದರೆ, ಕಾಲು ಬಿಗಿದು ಊದಿದರೆ ತಕ್ಷಣ ನರ್ಸನ್ನು ಕರೆಯಿರಿ. ನೋವು ನುಂಗಿಕೊಂಡು ಮಲಗಬೇಡಿ, ಬಾಯಿಬಿಟ್ಟು ಕೇಳಿ.