ಕಪ್ಪು ಕಾರಿನ ಹಿಂದಿನ ಬಾಗಿಲು

ಅಣ್ಣ ಹೋಗಿ ಹತ್ತೊಂಬತ್ತು ದಿನವಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಹಲ್ಲಿನ ಡಾಕ್ಟರಮ್ಮನ ಫೋನು ಬಂತು.

"ಕಾರಿನ ಫೋಟೋ ತುಂಬಾ ಚೆನ್ನಾಗಿ ಬಂದಿದೆ. ದೊಡ್ಡದು ಮಾಡಿಸಿ ಕ್ಲಿನಿಕ್ಕಿನ ಗೋಡೆಗೆ ಹಾಕೋಣ ಅಂತ ಪ್ರಿಂಟಿಗೆ ಕೊಟ್ಟಿದ್ದೆ. ದೊಡ್ಡದಾದ ಮೇಲೆ ನೋಡಿದ್ರೆ ಒಂದು ಸಣ್ಣ ವಿಷಯ..." ಆಕೆ ಸಂಕೋಚದಿಂದ ತಡೆದರು. "ಹಿಂದಿನ ಬಾಗಿಲಲ್ಲಿ ಯಾರೋ ನಿಂತ ಹಾಗೆ ಕಾಣುತ್ತೆ. ಮನುಷ್ಯರೇ. ಟೋಪಿ ಹಾಕ್ಕೊಂಡಿದ್ದಾರೆ. ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಬೇರೇನೂ ಕಾಣೋದೇ ಇಲ್ಲ ನೋಡಿ. ತೆಗೆಯೋಕ್ಕಾಗುತ್ತಾ?"

"ಆಗುತ್ತೆ ಡಾಕ್ಟ್ರೇ. ಮಧ್ಯಾಹ್ನದ ಒಳಗೆ ಕಳಿಸ್ತೀನಿ."

"ಅಂಥ ಅವಸರವೇನಿಲ್ಲ. ಅಂದ ಹಾಗೆ ನಿಮ್ಮಣ್ಣ ಹೇಗಿದ್ದಾರೆ? ಅವತ್ತು ನನ್ನನ್ನ ಎಷ್ಟು ನಗಿಸಿಬಿಟ್ರು."

"ಚೆನ್ನಾಗಿದಾನೆ," ಎಂದು ಅವನು ಫೋನಿಟ್ಟ.

ಯಾಕೆ ಹಾಗೆಂದೆ ಎಂದು ಯೋಚಿಸಲೂ ಇಲ್ಲ. ಈ ಹತ್ತೊಂಬತ್ತು ದಿನಗಳಿಂದ ಬಾಯಿ ತನ್ನ ಪಾಡಿಗೆ ತಾನು ಉತ್ತರ ಕೊಡುತ್ತಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅಳುವವರನ್ನು ದಿನವೂ ನೋಡುವವಳು. "ಒಂದ್ಸಲ ಅತ್ತುಬಿಡ್ರೀ, ಹಗುರಾಗುತ್ತೆ" ಎಂದು ಅವಳು ಎರಡು ಸಲ ಹೇಳಿದ್ದಳು. ಅವನು ಎರಡು ಸಲವೂ ಹೂಂ ಅಂದಿದ್ದ. ಅಳು ಬಂದರೆ ತಾನೇ? ಒಳಗೆ ಕೈಯಾಡಿಸಿ ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದರೆ ದವಡೆ ಇರುತ್ತದಲ್ಲ, ತನ್ನದೇ ಆದರೂ ತನ್ನದಲ್ಲದ ಹಾಗೆ, ಅವನಿಗೆ ಮೈಯೆಲ್ಲ ಹಾಗಿತ್ತು.

ಅಣ್ಣತಮ್ಮಂದಿರದು ಕಾರುಗಳ ಫೋಟೋ ತೆಗೆಯುವ ಕಸುಬು. ಇಬ್ಬರೂ ಸೇರಿ ಹದಿನಾಲ್ಕು ವರ್ಷದಿಂದ ಮಾಡಿಕೊಂಡು ಬಂದದ್ದು. ಹಿಂದೊಮ್ಮೆ ಕಾರಿಗೆ ಬಣ್ಣ ಹೊಡೆಯುತ್ತಿದ್ದ ಶೆಡ್ಡು ಅವರ ಸ್ಟುಡಿಯೋ. ಈಗಲೂ ಬಿಸಿಲು ಏರಿದರೆ ಗೋಡೆಯಿಂದ ಥಿನ್ನರಿನ ವಾಸನೆ ಬರುತ್ತದೆ. ಶೆಡ್ಡಿನ ಮುಂಭಾಗದಲ್ಲಿ ಅತ್ತಿಗೆಯ ಹೊಲಿಗೆ ಮಿಷನ್ನು. ಅಣ್ಣನ ಹೆಂಡತಿ ಕಾರುಗಳಿಗೆ ಸೀಟ್ ಕವರು ಹೊಲಿಯುತ್ತಾರೆ. ರೆಕ್ಸಿನ್ನಿನ ಸುರುಳಿಗಳ ನಡುವೆ ಅವರ ತಲೆ ಮಾತ್ರ ಕಾಣಿಸುತ್ತದೆ. ಪಕ್ಕದ ಗ್ಯಾರೇಜಿನವರು ಅಣ್ಣತಮ್ಮಂದಿರಿಗೆ ಹೆಸರಿಟ್ಟಿದ್ದರು: ತಮ್ಮ 'ಕಣ್ಣು', ಅಣ್ಣ 'ಕಂಬ'.

ಕಂಬ ಎಂದದ್ದು ಸುಮ್ಮನೆ ಅಲ್ಲ. "ಕಾರು ಅಂದ್ರೆ ಚಕ್ರ ಇರೋ ಕನ್ನಡಿ ಕಣೋ," ಎನ್ನುತ್ತಿದ್ದ ಅಣ್ಣ. ಎದುರಿಗೆ ಏನಿದ್ದರೂ ಅದರ ಮೈಯಲ್ಲಿ ಕಾಣುತ್ತದೆ. ಆದ್ದರಿಂದ ಶೆಡ್ಡಿನ ಶಟರು ಎಳೆದು, ಗವಾಕ್ಷಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದು, ಹಾಡಹಗಲಲ್ಲೇ ಕತ್ತಲು ಮಾಡಿಕೊಳ್ಳಬೇಕು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ತಿರುಪು ಹಾಕಿ ಬಿಗಿದರೆ ಮುಗಿಯಿತು, ಕೆಲಸ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಇರುವುದು ಒಂದೇ ಫ್ಲ್ಯಾಶ್ ದೀಪ. ಅದಕ್ಕೆ ಆಳುದ್ದದ ಬಿಳಿ ಬಟ್ಟೆಯ ಡಬ್ಬ ತೊಡಿಸಿ, ಕೋಲಿನ ತುದಿಗೆ ಕಟ್ಟಿ ಅಣ್ಣ ಹಿಡಿದುಕೊಳ್ಳುತ್ತಿದ್ದ. ಮೈಮೇಲೆ ಕಪ್ಪು ಅಂಗಿ, ಕಪ್ಪು ಪ್ಯಾಂಟು, ತಲೆಗೆ ಕಪ್ಪು ಟೋಪಿ. ಬಾನೆಟ್ಟಿನ ಮೇಲೆ ಹಿಡಿ, ಒಂದು ಫೋಟೋ. ಮುಂದಿನ ಚಕ್ರದ ಬಳಿ ಹಿಡಿ, ಇನ್ನೊಂದು. ಬಾಗಿಲು, ಚಾವಣಿ, ಗಾಜು, ನೆಲ. ಒಂದು ಕಾರಿಗೆ ಇಪ್ಪತ್ತೈದು ಮೂವತ್ತು ಫೋಟೋ. ಒಂದೊಂದರಲ್ಲೂ ಒಂದೊಂದು ಭಾಗಕ್ಕೆ ಮಾತ್ರ ಬೆಳಕು, ಉಳಿದದ್ದೆಲ್ಲ ಕತ್ತಲು.

ಆಮೇಲಿನದು ಕಂಪ್ಯೂಟರಿನ ಕೆಲಸ. ಅಷ್ಟೂ ಫೋಟೋಗಳನ್ನು ಒಂದರ ಮೇಲೊಂದು ಪದರವಾಗಿ ಇಟ್ಟು, ಪ್ರತಿ ಪದರದಲ್ಲೂ ಚೆನ್ನಾಗಿ ಬಂದ ಭಾಗವನ್ನಷ್ಟೇ ಉಳಿಸಿ, ಉಳಿದದ್ದಕ್ಕೆ ಕಪ್ಪು ಬಳಿದು ಮರೆಮಾಡುತ್ತಾ ಹೋಗಬೇಕು; ಬಳಿದ ಕಡೆ ಕೆಳಗಿನ ಪದರ ಕಾಣಿಸುತ್ತದೆ. ಕೊನೆಗೆ ಇಡೀ ಕಾರು ಎಲ್ಲಿಂದಲೋ ಬಂದ ಬೆಳಕಿನಲ್ಲಿ ಮಿರಮಿರ ಮಿಂಚುತ್ತದೆ. ಅಣ್ಣ ಎಲ್ಲ ಪದರಗಳಲ್ಲೂ ಇರುತ್ತಿದ್ದ. ಕೊನೆಯ ಫೋಟೋದಲ್ಲಿ ಇರುತ್ತಿರಲಿಲ್ಲ. ಹೇಗೂ ಅಳಿಸಿ ಹೋಗುತ್ತೇನೆಂದು ಗೊತ್ತಿದ್ದುದರಿಂದ ಮನಸ್ಸಿಗೆ ಬಂದ ಹಾಗೆ ಮುಖ ಮಾಡುತ್ತಿದ್ದ: ನಾಲಿಗೆ ಹೊರಚಾಚಿ, ಕಣ್ಣು ಮೆಳ್ಳೆ ಮಾಡಿ, ಒಂಟಿ ಕಾಲಲ್ಲಿ ನಿಂತು.

ಡಾಕ್ಟರಮ್ಮನ ಕಾರು ಅವರ ಕೊನೆಯ ಕೆಲಸ. ಆಕೆಯ ತಂದೆಯದಂತೆ, ಹಳೆಯ ಕಪ್ಪು ಕಾರು. ಮಂಗಳವಾರ ಫೋಟೋ ತೆಗೆದರು. ಗುರುವಾರ ಬೆಳಿಗ್ಗೆ ಅಣ್ಣ ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದವನು ಹಾಗೇ ಪಕ್ಕಕ್ಕೆ ಒರಗಿದ. ಒಂದು ಶೂ ಕಟ್ಟಿತ್ತು, ಇನ್ನೊಂದು ಕಟ್ಟಿರಲಿಲ್ಲ. ಹೃದಯ ಎಂದರು ಆಸ್ಪತ್ರೆಯಲ್ಲಿ. ಐವತ್ತೊಂದು ವರ್ಷ.

ಆರನೆಯ ದಿನ ಅವನು ಶೆಡ್ಡಿಗೆ ಬಂದು ಕಂಪ್ಯೂಟರು ಹಾಕಿದ್ದ. ಮಾತು ಕೊಟ್ಟ ದಿನಕ್ಕೆ ಫೋಟೋ ಕಳಿಸಬೇಕಿತ್ತು, ಕಳಿಸಿದ. ಹೇಗೆ ಮಾಡಿದೆ ಎಂದು ಕೇಳಿದರೆ ಹೇಳಲಾರ. ಹಿಂದಿನ ಬಾಗಿಲ ಪದರದಲ್ಲಿ ಕಪ್ಪು ಬಳಿಯುವುದು ಮರೆತೇ ಹೋಗಿತ್ತು.

ಈಗ ಫೈಲು ತೆರೆದು ದೊಡ್ಡದು ಮಾಡಿ ನೋಡಿದ. ಡಾಕ್ಟರಮ್ಮ ಹೇಳಿದ್ದು ನಿಜ. ಬಾಗಿಲಿನ ಹೊಳಪಿನಲ್ಲಿ ಅಣ್ಣ ನಿಂತಿದ್ದ. ಮಬ್ಬಾಗಿ, ಸ್ವಲ್ಪ ಉದ್ದಕ್ಕೆ ಎಳೆದ ಹಾಗೆ. ಅವನು ಬೆರಳ ತುದಿಯಿಂದ ಪರದೆಯ ಮೇಲಿನ ಧೂಳು ಒರೆಸಿದ. ಅಣ್ಣ ಅಲ್ಲೇ ಇದ್ದ.

ಅಷ್ಟರಲ್ಲಿ ಅತ್ತಿಗೆ ಒಳಗೆ ಬಂದರು. "ದೊಡ್ಡ ಕತ್ತರಿ ಈ ಕಡೆ ಬಂದಿದೆಯೇನೋ?" ಎಂದವರ ಕಣ್ಣು ಪರದೆಯ ಮೇಲೆ ಬಿತ್ತು. ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ, "ನಿಮ್ಮಣ್ಣ ಅಲ್ವಾ?" ಎಂದರು.

"ಹೌದು ಅತ್ತಿಗೆ. ಅಳಿಸೋದು ಬಿಟ್ಟುಹೋಗಿತ್ತು."

ಅತ್ತಿಗೆ ಸ್ಟೂಲು ಎಳೆದುಕೊಂಡು ಕೂತರು. "ಬೇರೆಯದರಲ್ಲೂ ಇದಾರಾ?"

ಹದಿನಾಲ್ಕು ವರ್ಷದಲ್ಲಿ ಅತ್ತಿಗೆ ಒಮ್ಮೆಯೂ ಈ ಪದರಗಳನ್ನು ನೋಡಿರಲಿಲ್ಲ. ಅವರು ಕಂಡದ್ದು ಮುಗಿದ ಫೋಟೋಗಳನ್ನಷ್ಟೇ. ಅವನು ಒಂದೊಂದಾಗಿ ತೋರಿಸಿದ. ಮೊದಲನೆಯದರಲ್ಲಿ ಅಣ್ಣ ಬಾನೆಟ್ಟಿನ ಹಿಂದೆ ನಿಂತು ಕೆನ್ನೆ ಉಬ್ಬಿಸಿದ್ದ. ಐದನೆಯದರಲ್ಲಿ ಮುಂದಿನ ಚಕ್ರದ ಪಕ್ಕ ಮಂಡಿಯೂರಿ, ಹಲ್ಲಿನ ಡಾಕ್ಟರಿಗೆ ತೋರಿಸುವವನ ಹಾಗೆ ಬಾಯಿ ಅಗಲಿಸಿದ್ದ. ಡಾಕ್ಟರಮ್ಮ ಅಲ್ಲೇ ಕೂತಿದ್ದರು, ಅವರು ನಕ್ಕದ್ದು ಅದಕ್ಕೇ. ಅತ್ತಿಗೆಯೂ ಫಕ್ಕನೆ ನಕ್ಕರು. ಹನ್ನೊಂದನೆಯದರಲ್ಲಿ ಅಣ್ಣ ಏನೋ ಹೇಳುತ್ತಿದ್ದ, ತುಟಿ ಅರ್ಧ ತೆರೆದಿತ್ತು.

"ಇಲ್ಲಿ ಏನು ಹೇಳ್ತಿದಾರೆ?"

ಅವನು ನೆನಪಿಸಿಕೊಳ್ಳಲು ನೋಡಿದ. "ನೆನಪಿಲ್ಲ ಅತ್ತಿಗೆ."

"ಇರ್ಲಿ ಬಿಡು. ಮುಂದಿಂದು ತೋರಿಸು."

ಹತ್ತೊಂಬತ್ತನೆಯದು ಹಿಂದಿನ ಬಾಗಿಲಿನದು. ಬೆಳಕು ಸರಿಯಾಗಿ ಬಿದ್ದಿತ್ತು, ಆದರೆ ಅಣ್ಣ ತೀರಾ ಹತ್ತಿರ ನಿಂತದ್ದರಿಂದ ಬಾಗಿಲಲ್ಲಿ ಕಾಣಿಸಿಕೊಂಡಿದ್ದ. ಅದಕ್ಕೇ ಅವನು ಅವತ್ತು ಅಣ್ಣನಿಗೆ, ಹಿಂದೆ ಸರಿದು ಕೋಲನ್ನು ಉದ್ದಕ್ಕೆ ಚಾಚಿ ಹಿಡಿ ಎಂದಿದ್ದ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು, ಮೂರರಲ್ಲೂ ದೀಪ ಕೆಳಗೆ ಬಾಗಿತ್ತು. ಕೆಟ್ಟುಹೋದ ಫೋಟೋ ಎಂದು ಅವನು ಅವುಗಳನ್ನು ಮತ್ತೆ ತೆರೆದೇ ಇರಲಿಲ್ಲ. ಈಗ ತೆರೆದ. ಇಪ್ಪತ್ತೊಂದರಲ್ಲಿ ಅಣ್ಣ ಮುಖ ಮಾಡಿರಲಿಲ್ಲ. ಬಲಗೈಯೊಂದರಲ್ಲೇ ಕೋಲು ಹಿಡಿದು, ಎಡಗೈಯನ್ನು ಮೈಗೆ ಒತ್ತಿಕೊಂಡಿದ್ದ. ಇಪ್ಪತ್ತೆರಡರಲ್ಲಿ ಕಣ್ಣು ಮುಚ್ಚಿದ್ದ.

ಮೌಸಿನ ಮೇಲಿದ್ದ ಅವನ ಕೈ ನಿಂತಿತು.

"ಅವತ್ತು ನಾನು ಬೈದೆ," ಎಂದ. ದನಿ ಯಾರದೋ ಸುದ್ದಿ ಹೇಳುವ ಹಾಗಿತ್ತು. "ಸ್ವಲ್ಪ ಕೂತ್ಕೋತೀನಿ ಕಣೋ ಅಂದ. ಇನ್ನು ಆರೇ ಆರು ಇದೆ, ಮುಗಿಸಿಬಿಡೋಣ ಅಂದೆ. ನೆಟ್ಟಗೆ ಹಿಡಿಯೋಕೆ ನಿನಗೇನು ರೋಗ ಅಂದೆ."

"ಅದಕ್ಕೆ ಅವರೇನಂದ್ರು?"

"ಸರಿ, ತಗೋಳಪ್ಪ ಅಂದ. ಹಿಡ್ಕೊಂಡ. ಪೂರ್ತಿ ಮುಗಿಸಿದ."

ಪಕ್ಕದ ಗ್ಯಾರೇಜಿನಲ್ಲಿ ಯಾರೋ ಟಯರಿಗೆ ಗಾಳಿ ಹಾಕುತ್ತಿದ್ದರು. ಅತ್ತಿಗೆ ಈಗ ಅಳುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ, ಇಲ್ಲವೇ ಎರಡು ಮಾತು ಅಂದೇಬಿಡುತ್ತಾರೆ ಎಂದುಕೊಂಡ. ಅಂದರೆ ಅನ್ನಲಿ ಎಂದೂ ಅನಿಸಿತು. ಅತ್ತಿಗೆ ಮಡಿಲಲ್ಲಿದ್ದ ದಾರದ ಎಳೆಯನ್ನು ಬೆರಳಿಗೆ ಸುತ್ತುತ್ತಾ ಪರದೆಯನ್ನೇ ನೋಡುತ್ತಿದ್ದರು.

"ಮನೆಗೆ ಬಂದು ನನಗೂ ಹೇಳಿದ್ರು," ಎಂದರು. "ತೋಳು ಸೆಳೀತಿದೆ ಕಣೇ ಅಂದ್ರು. ದಿನಾ ಆ ಕೋಲು ಹೊತ್ತರೆ ಸೆಳೆಯದೆ ಇನ್ನೇನಾಗುತ್ತೆ ಅಂತ ಮುಲಾಮು ಹಚ್ಚಿದೆ. ಬುಧವಾರಾನೂ ಹಚ್ಚಿದೆ. ನಿನ್ನ ಹೆಂಡತಿ ಮಹಡಿ ಮೇಲೇ ಇದ್ಲು. ಕೂಗಿದ್ರೆ ಕೇಳ್ಸೋಷ್ಟು ದೂರ. ಒಂದ್ಸಲ ನೋಡಮ್ಮಾ ಅಂತ ಕರೀಲಿಲ್ಲ ನಾನು."

"ಅತ್ತಿಗೆ..."

"ನೀನು ಇದನ್ನ ಹೇಳದೇ ಹೋಗಿದ್ರೆ ನಾನೂ ಯಾರಿಗೂ ಹೇಳ್ತಿರ್ಲಿಲ್ಲ."

ಅವನು, ನಿಮ್ಮ ತಪ್ಪಲ್ಲ ಎನ್ನಬಹುದಿತ್ತು. ಅತ್ತಿಗೆಯೂ ಅವನಿಗೆ ಅದನ್ನೇ ಹೇಳಬಹುದಿತ್ತು. ಇಬ್ಬರೂ ಹೇಳಲಿಲ್ಲ. ಆದರೆ ಅದೇನೋ, ಸ್ಟೂಲು ಬಿಟ್ಟು ಅತ್ತಿಗೆ ಏಳದೇ ಇದ್ದದ್ದು ಅವನಿಗೆ ಹಿತವಾಯಿತು.

"ಈಗೇನು ಮಾಡ್ಬೇಕು ಇದನ್ನ?" ಎಂದರು ಬಾಗಿಲನ್ನು ತೋರಿಸುತ್ತಾ.

"ತೆಗೀಬೇಕು. ಡಾಕ್ಟ್ರು ಕೇಳಿದಾರೆ."

"ಹಾಗಾದ್ರೆ ತೆಗಿ. ಅರೆಬರೆ ಕೆಲಸ ಅವರಿಗೆ ಆಗ್ತಿರ್ಲಿಲ್ಲ."

"ನೀವು ಆ ಕಡೆ ಹೋಗಿ ಅತ್ತಿಗೆ."

"ಇಲ್ಲ, ನೋಡ್ತೀನಿ."

ಅಣ್ಣ ನಿಂತ ಜಾಗವನ್ನು ಮುಚ್ಚಲು ಅದೇ ಬಾಗಿಲಿನ ಇನ್ನೊಂದು ತುಂಡು ಬೇಕಿತ್ತು, ಅಣ್ಣ ಇಲ್ಲದ್ದು. ಅದು ಸಿಕ್ಕಿದ್ದು ಇಪ್ಪತ್ತೊಂದರಲ್ಲಿ. ಅದರಲ್ಲಿ ದೀಪ ಬಾಗಿತ್ತು ನಿಜ, ಆದರೆ ಅಣ್ಣ ದೂರ ನಿಂತದ್ದರಿಂದ ಬಾಗಿಲು ಖಾಲಿ ಇತ್ತು. ಅವನು ಆ ಪದರವನ್ನು ಮೇಲೆ ಎಳೆದು, ಬೆಳಕು ಹೆಚ್ಚಿಸಿ, ಮೃದುವಾದ ಕುಂಚದಿಂದ ಅಂಚು ಕಾಣದ ಹಾಗೆ ಬೆರೆಸುತ್ತಾ ಬಂದ. ಮೊದಲು ಕಾಲು ಹೋಯಿತು. ಆಮೇಲೆ ಕೋಲು ಹಿಡಿದ ಕೈ. ಟೋಪಿ ಕೊನೆಗೆ ಉಳಿಯಿತು. ಅವನು ಅತ್ತಿಗೆಯ ಕಡೆ ನೋಡಿದ. ಅವರು ಹೂಂ ಎಂಬಂತೆ ತಲೆಯಾಡಿಸಿದರು. ಅದೂ ಹೋಯಿತು. ಇಡೀ ಕೆಲಸಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ.

"ಚೆನ್ನಾಗಿ ಮಾಡ್ದೆ. ಗೊತ್ತೇ ಆಗಲ್ಲ," ಎಂದು ಅತ್ತಿಗೆ ಎದ್ದರು. ಬಾಗಿಲ ಬಳಿ ನಿಂತು, "ಆ ಬಾಯಿ ಅಗಲಿಸಿರೋದು ಒಂದು ನನಗೆ ಪ್ರಿಂಟ್ ಹಾಕಿಸಿಕೊಡು. ಚಿಕ್ಕದೇ ಸಾಕು," ಎಂದರು. ಕತ್ತರಿಯ ವಿಷಯ ಇಬ್ಬರಿಗೂ ಮರೆತುಹೋಗಿತ್ತು.

ಡಾಕ್ಟರಮ್ಮ ಮಾರನೆಯ ದಿನವೇ ಫೋನು ಮಾಡಿ ಸಂತೋಷಪಟ್ಟರು. ಈ ಸಲ ಅವನು ತಡೆದು, "ಡಾಕ್ಟ್ರೇ, ನಿನ್ನೆ ನಿಮಗೆ ಸುಳ್ಳು ಹೇಳಿದೆ. ಅಣ್ಣ ಇಲ್ಲ. ನಿಮ್ಮ ಕಾರಿನ ಫೋಟೋ ತೆಗೆದು ಎರಡು ದಿನಕ್ಕೆ ಹೋಗ್ಬಿಟ್ಟ," ಎಂದ.

"ಬಾಗಿಲಲ್ಲಿ ಇದ್ದಿದ್ದು ಅವರೇನಾ?"

"ಹೌದು."

"ಅಯ್ಯೋ, ತೆಗೀರಿ ಅಂತ ನಾನೇ ಹೇಳಿದ್ನಲ್ಲಾ..."

"ಅದರಲ್ಲೇನಿದೆ ಡಾಕ್ಟ್ರೇ. ಅವನು ಇದ್ದಿದ್ರೂ ತೆಗೀತಿದ್ದೆ."

ಫೋನಿಟ್ಟ ಮೇಲೆ ಯೋಚಿಸಿದ: 'ಅಣ್ಣ ಇಲ್ಲ' ಎಂದು ಯಾರೂ ಕೇಳದೆ ತಾನಾಗಿ ಹೇಳಿದ್ದು ಇದೇ ಮೊದಲು.

ದಿನಗಳು ಉರುಳಿದವು. ಅವನು ದೀಪಕ್ಕೊಂದು ಗಾಲಿ ಇರುವ ಸ್ಟ್ಯಾಂಡು ತಂದ. ಅದು ಅಲುಗಾಡದೆ ನಿಲ್ಲುತ್ತಿತ್ತು, ಮುಖ ಮಾಡುತ್ತಿರಲಿಲ್ಲ. ಕೆಲಸ ನಿಧಾನವಾಯಿತು, ನಿಲ್ಲಲಿಲ್ಲ. ಊಟ ತಿಂಡಿ, ಕೊಡುಕೊಳ್ಳುವ ಮಾತು ಎಲ್ಲ ನಡೆಯುತ್ತಿತ್ತು. ಒಳಗೆ ಮರಗಟ್ಟಿದ್ದು ಮಾತ್ರ ಹಾಗೇ ಇತ್ತು. ಹೆಂಡತಿ ಅಳಿ ಎಂದು ಹೇಳುವುದನ್ನು ಬಿಟ್ಟಿದ್ದಳು. ಕೆಲಸದಿಂದ ಬಂದವಳು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಳ್ಳುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅತ್ತಿಗೆ ಸ್ಟುಡಿಯೋದ ವ್ಯಾನಿನ ಕೀಲಿ ಹಿಡಿದು ಮಹಡಿ ಹತ್ತಿ ಬಂದರು. "ನನಗೆ ಗಾಡಿ ಓಡಿಸೋದು ಕಲಿಸು."

"ನಿಮಗಾ?"

"ಯಾಕೆ, ಇಪ್ಪತ್ತು ವರ್ಷದಿಂದ ಕಂಡೋರ ಕಾರಿಗೆಲ್ಲ ಸೀಟ್ ಕವರ್ ಹೊಲೀತಿದೀನಿ. ಒಂದ್ಸಲ ಆ ಸೀಟಲ್ಲಿ ನಾನೂ ಕೂರ್ಬಾರ್ದಾ? ರೆಕ್ಸಿನ್ ತರೋಕೆ ಎಷ್ಟು ದಿನ ನಿನ್ನ ದಾರಿ ಕಾಯ್ಲಿ?"

ಶೆಡ್ಡಿನ ಹಿಂದಿನ ಖಾಲಿ ಬಯಲಿಗೆ ಹೋದರು. ಅತ್ತಿಗೆ ಸೀಟನ್ನು ಎಷ್ಟು ಮುಂದಕ್ಕೆ ಎಳೆದುಕೊಂಡರೆಂದರೆ ಮೂಗು ಗಾಜಿಗೆ ತಾಗುವಂತಿತ್ತು. ಕ್ಲಚ್ಚು ಬಿಟ್ಟರೆ ವ್ಯಾನು ಕುಪ್ಪಳಿಸಿ ನಿಂತುಬಿಡುತ್ತಿತ್ತು. ನಾಲ್ಕು ಸಲ ಹಾಗಾಯಿತು. ಐದನೆಯ ಸಲ ನಿಲ್ಲಲಿಲ್ಲ. ಹೊರಟಿತು, ಹೊರಟದ್ದು ನೇರವಾಗಿ ಇಟ್ಟಿಗೆ ಗೋಡೆಯ ಕಡೆಗೆ.

"ಬ್ರೇಕ್! ಅತ್ತಿಗೆ, ಬ್ರೇಕ್! ಅದಲ್ಲ, ನಡುವಿಂದು! ನಡುವಿಂದು!"

ವ್ಯಾನು ಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಅವನ ಎರಡೂ ಕೈ ಡ್ಯಾಶ್‌ಬೋರ್ಡಿಗೆ ಅಂಟಿಕೊಂಡಿದ್ದವು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಾಗಿತ್ತು ಅವನಿಗೆ. ಎರಡು ತಿಂಗಳ ಮೇಲೆ ಒಳಗೆ ಏನೋ ಒಂದು ಆಗಿತ್ತು.

"ಕಿರುಚ್ಬೇಡ್ವೋ, ನನಗೆ ಗಾಬರಿ ಆಗುತ್ತೆ," ಎಂದರು ಅತ್ತಿಗೆ, ಸ್ಟೀರಿಂಗು ಬಿಡದೆ. ಆಮೇಲೆ ಹಿಂದಕ್ಕೆ ತಿರುಗಿ ನೋಡಿ, "ಹಿಂದಕ್ಕೆ ಹೋಗೋದು ಹ್ಯಾಗೆ?" ಎಂದು ಕೇಳಿದರು.

ಅವನು ಗೇರಿನ ಮೇಲೆ ಅವರ ಕೈ ಇರಿಸಿ ತೋರಿಸಿಕೊಟ್ಟ.