ಉಪ್ಪಿಲ್ಲದ ಉಪ್ಪುಕಾಗದ

"ಇದು ಮುಟ್ಟಿ ಕಲಿಯೋ ಮಗು," ಎಂದಳು ಶಿಶುವಿಹಾರದ ಟೀಚರು. "ಬೋರ್ಡಿನ ಮೇಲೆ ಬರೆದು ತೋರಿಸಿದ್ರೆ ಕಿಟಕಿ ಆಚೆ ನೋಡ್ತಾಳೆ. ಅದೇ ಕೈಗೊಂದು ಗುಂಡಿ ಕೊಡಿ, ಒಂದು ಕಲ್ಲು ಕೊಡಿ, ಲೋಕಾನೇ ಮರೀತಾಳೆ. ಮನೇಲೂ ಅಂಥದ್ದೇನಾದ್ರೂ ಇಟ್ಕೊಳ್ಳಿ. ನೀವೂ ಜೊತೆಗೆ ಕೂತು ಆಡ್ಬೇಕು, ಅಷ್ಟೇ."

ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಇಣಚಿಯ ಅಮ್ಮನಿಗೆ ಒಪ್ಪಿಗೆಯಾಯಿತು.

ಇಣಚಿ ಎಂಬುದು ಮಗುವಿಗೆ ಸೋದರತ್ತೆ ಇಟ್ಟ ಹೆಸರು. ಏನು ಸಿಕ್ಕಿದರೂ ಅಳಿಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೂಗಿನ ತುದಿಗೆ ತಂದು, ತಿರುಗಿಸಿ ಮುರುಗಿಸಿ ನೋಡಿ, ಕೊನೆಗೊಮ್ಮೆ ಕಚ್ಚಿಯೂ ನೋಡಿ ಕೆಳಗಿಡುವವಳು. ಹೆಸರು ಅಂಟಿಕೊಂಡುಬಿಟ್ಟಿತು, ನಿಜವಾದ ಹೆಸರು ಹಾಜರಿಯ ಹೊತ್ತಿಗೆ ಮಾತ್ರ.

ಅಮ್ಮನಿಗೆ ಮೇಜು ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಉಜ್ಜುವ ಮೆಷಿನ್ನಿನ ಕೆಲಸ. ಮೆಷಿನ್ನೆಂದರೆ ಇಸ್ತ್ರಿಪೆಟ್ಟಿಗೆಯಷ್ಟು ಗಾತ್ರದ್ದು. ಅದರ ತಳಕ್ಕೆ ಉಪ್ಪುಕಾಗದ ಸಿಕ್ಕಿಸಿ ಗುಂಡಿ ಒತ್ತಿದರೆ ಜುಂಯ್ ಎಂದು ನಡುಗುತ್ತದೆ, ಹಲಗೆಯ ಮೇಲೆ ಆಡಿಸಿದಂತೆ ಮರ ನುಣ್ಣಗಾಗುತ್ತದೆ. ಆ ನಡುಕ ಮೊದಮೊದಲು ಸಂಜೆ ಬಸ್ಸು ಹತ್ತುವವರೆಗೆ ಕೈಯಲ್ಲಿ ಉಳಿಯುತ್ತಿತ್ತು. ಆಮೇಲೆ ಊಟದ ಹೊತ್ತಿನವರೆಗೆ. ಆಮೇಲೊಂದು ದಿನ ನಡುಕವೂ ಇಲ್ಲ, ಇನ್ನೇನೂ ಇಲ್ಲ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಬಾಡಿಗೆಗೆ ಬಂದವರ ಹಾಗೆ ತಮ್ಮ ಪಾಡಿಗೆ ತಾವು ಇದ್ದವು. ಉಂಗುರದ ಬೆರಳು ಅರೆಬರೆ. ಬಿಸಿ ಯಾವುದು, ತಣ್ಣಗೆ ಯಾವುದು ಎಂದು ನೆಟ್ಟಗೆ ಹೇಳುತ್ತಿದ್ದದ್ದು ಕಿರುಬೆರಳು ಮಾತ್ರ. ಹಾಲಿನ ಬಿಸಿ ನೋಡುವುದಕ್ಕೆ ಅದು. ಮಗಳ ಹಣೆ ಮುಟ್ಟಿ ಜ್ವರ ನೋಡುವುದಕ್ಕೂ ಅದು.

ಇದನ್ನು ಅವಳು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಹಿಂದೆ ಒಬ್ಬಳ ಕೈ ಹೀಗಾದಾಗ ಮೇಸ್ತ್ರಿ ಅವಳನ್ನು ಮೆಷಿನ್ನಿನಿಂದ ಎಬ್ಬಿಸಿ ಮರದ ಪುಡಿ ಗುಡಿಸಲು ಹಾಕಿದ್ದ. ಅವಳು ಕೆಲವು ದಿನ ಪೊರಕೆ ಹಿಡಿದು ಓಡಾಡಿ, ಆಮೇಲೆ ಬರುವುದನ್ನೇ ಬಿಟ್ಟಳು. ಇಣಚಿಯ ಅಮ್ಮ ಇದನ್ನು ನೆನೆದು ಹೆದರುತ್ತಿದ್ದಳು ಎನ್ನೋಣವೆಂದರೆ, ಹೆದರಿಕೆಯೂ ಇರಲಿಲ್ಲ. ಬೆರಳಿಗೆ ಆದದ್ದು ನಿಧಾನಕ್ಕೆ ಒಳಗೂ ಇಳಿದಿತ್ತೇನೋ. ಮಗಳು ನಕ್ಕರೆ ನಗುತ್ತಿದ್ದಾಳೆ ಎಂದು ತಿಳಿಯುತ್ತಿತ್ತು. ಅತ್ತರೆ ಎತ್ತಿಕೊಳ್ಳಬೇಕೆಂದು ತಿಳಿಯುತ್ತಿತ್ತು, ಎತ್ತಿಕೊಳ್ಳುತ್ತಿದ್ದಳು. ಅಲ್ಲಿಗೆ ಮುಗಿಯಿತು.

ರಜೆಯ ದಿನ ನಾದಿನಿಯನ್ನೂ ಮಗಳನ್ನೂ ಕರೆದುಕೊಂಡು ಆಟಿಕೆ ಅಂಗಡಿಗೆ ಹೋದಳು. ನಾದಿನಿ ದರ್ಜಿ, ಅಣ್ಣನ ಮನೆಯ ಮುಂಭಾಗದ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವಳು. ಅಣ್ಣ, ಅಂದರೆ ಇಣಚಿಯ ಅಪ್ಪ, ಲಾರಿ ಡ್ರೈವರು. ಮನೆಯಲ್ಲಿದ್ದರೆ ನಿದ್ದೆ, ಇಲ್ಲದಿದ್ದರೆ ಫೋನು.

ಅಂಗಡಿಯಲ್ಲಿ ಸೂರಿನವರೆಗೂ ಡಬ್ಬಗಳು. ನಾದಿನಿ ಒಂದು ಹಳದಿ ಬಾತುಕೋಳಿಯ ಹೊಟ್ಟೆ ಅಮುಕಿದಳು. ಅದು ಕಣ್ಣು ಮಿಟುಕಿಸಿ ಎಬಿಸಿಡಿ ಹಾಡತೊಡಗಿತು.

"ಅತ್ತಿಗೆ, ನೋಡಿ ಇದು ಹಾಡುತ್ತೆ!"

"ಹಾಡೋದಕ್ಕೆ ಮನೇಲಿ ನೀನಿದ್ದೀಯಲ್ಲ."

"ನಂಗೆ ನಿಲ್ಲಿಸೋ ಗುಂಡಿ ಇಲ್ಲ ಅಂತ ನೀವೇ ಅಂತಿರ್ತೀರಿ. ಇದಕ್ಕಾದ್ರೂ ಇದೆ."

ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದ ಅಂಗಡಿಯಾಕೆ ಬಾತುಕೋಳಿಯನ್ನು ಮೆಲ್ಲಗೆ ಇಸಿದುಕೊಂಡಳು. "ಮುಟ್ಟಿ ಕಲಿಯೋದಕ್ಕೆ ಅಂದ್ರಲ್ಲಮ್ಮ, ಹಾಗಾದ್ರೆ ಇದು ಬೇಡ. ಎಲ್ಲಾ ಕೆಲಸ ಆಟಿಕೇನೇ ಮಾಡಿದ್ರೆ ಮಗುಗೇನು ಕೆಲಸ? ಇದನ್ನು ನೋಡಿ." ಒಂದು ಬಟ್ಟೆಯ ಚೀಲವನ್ನು ಮುಂದಿಟ್ಟಳು. "ಒಳಗೆ ಬೇರೆಬೇರೆ ಆಕಾರದ ಮರದ ತುಂಡು ಇವೆ. ಇಣುಕಬಾರದು. ಕೈ ಹಾಕಿ, ಮುಟ್ಟಿ, ಏನು ಸಿಕ್ತು ಅಂತ ಹೇಳ್ಬೇಕು. ನೀವೇ ಹಾಕಿ ನೋಡಿ."

ಅವಳು ಕೈ ಹಾಕಿದಳು. ಏನೋ ಸಿಕ್ಕಿತು. ಸಿಕ್ಕಿದೆ ಎಂದು ಗೊತ್ತಾದದ್ದು ಮಣಿಕಟ್ಟಿಗೆ, ಭಾರದಿಂದ. ಅದು ಗುಂಡಗಿದೆಯೋ ಚೌಕವಾಗಿದೆಯೋ ಬೆರಳುಗಳು ಹೇಳಲಿಲ್ಲ. ಅಂಗಡಿಯಾಕೆ ನಗುತ್ತ ಕಾಯುತ್ತಿದ್ದಳು. ಇಣಚಿಯೂ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

"ಇದು ಬೇಡ," ಎಂದು ಕೈ ಈಚೆಗೆ ತೆಗೆದಳು. "ಆ ಚಿತ್ರ ಜೋಡಿಸೋದು ಕೊಡಿ."

ಅದನ್ನು ಕಣ್ಣಿನಲ್ಲೇ ಆಡಬಹುದಿತ್ತು.

ದಾರಿಯುದ್ದಕ್ಕೂ ನಾದಿನಿ ಕೊರೆದಳು. "ಟೀಚರು ಹೇಳಿದ್ದು ಥೇಟ್ ಆ ಚೀಲಾನೇ. ನೀವು ನೋಡಿದ್ರೆ ಒಳಗೆ ಹಾವಿದ್ದ ಹಾಗೆ ಕೈ ಎಳ್ಕೊಂಡ್ರಿ. ಹೋಗ್ಲಿ ಬಿಡಿ. ಚೀಲ ಹೊಲಿಯೋಕೆ ನಂಗೇನು ಕೈ ಇಲ್ವಾ?"

ಹೇಳಿದಂತೆ ಹೊಲಿದೇಬಿಟ್ಟಳು. ಹಳೆಯ ದಿಂಬಿನ ಚೀಲಕ್ಕೆ ಲಾಡಿ ಹಾಕಿ, ದಪ್ಪ ಗುಂಡಿ, ಸಣ್ಣ ಗುಂಡಿ, ಮಖಮಲ್ಲಿನ ಚೂರು, ಗೋಣಿಯ ಚೂರು, ಖಾಲಿ ದಾರದುಂಡೆ, ಚಮಚ, ಬೀಗದಕೈ ಎಲ್ಲ ತುಂಬಿದಳು. ಇಣಚಿಗೆ ಊಟ ತಿಂಡಿ ಬೇಡವಾಯಿತು. ಅತ್ತೆ ಇಷ್ಟು ಮಾಡಿದ ಮೇಲೆ ಅಮ್ಮ ಕೈಕಟ್ಟಿ ಕೂರುವುದು ಚೆನ್ನಾಗಿರುವುದಿಲ್ಲ. ಕಾರ್ಖಾನೆಯಿಂದ ಒಂದು ಮರದ ಪಟ್ಟಿಯನ್ನೂ ಉಪ್ಪುಕಾಗದದ ಚೂರುಗಳನ್ನೂ ತಂದಳು. ತೀರಾ ಒರಟಿನಿಂದ ಹಿಡಿದು ತೀರಾ ನುಣುಪಿನವರೆಗೆ ಸಾಲಾಗಿ ಅಂಟಿಸಿಕೊಟ್ಟಳು. ಯಾವುದು ಎಷ್ಟು ಒರಟೆಂದು ಹಿಂಬದಿಯ ನಂಬರು ನೋಡಿಯೇ ಅಂಟಿಸಿದ್ದು. ಒಂದು ಚೂರಿನ ನಂಬರು ಹರಿದುಹೋಗಿತ್ತು. ಅದನ್ನು ಬಣ್ಣ ನೋಡಿ ಅಂದಾಜಿಗೆ ಇಟ್ಟಳು.

"ಇದೇನಮ್ಮ?"

"ಉಪ್ಪುಕಾಗದ. ಮರ ಒರಟಾಗಿದ್ರೆ ಇದರಿಂದ ಉಜ್ಜೋದು. ಉಜ್ಜಿ ಉಜ್ಜಿ ನುಣ್ಣಗೆ ಮಾಡೋದು. ಅಮ್ಮನ ಕೆಲಸ ಅದೇ."

ಇಣಚಿ ಪಟ್ಟಿಯನ್ನೆತ್ತಿ ಒಮ್ಮೆ ನೆಕ್ಕಿದಳು. "ಅತ್ತೇ, ಉಪ್ಪೇ ಇಲ್ಲ!"

"ನಿಮ್ಮಮ್ಮನ ಅಡುಗೆ ಥರಾನೇ," ಎಂದಳು ನಾದಿನಿ ಒಳಗಿನಿಂದ.

ಆಮೇಲೆ ಇಣಚಿ ಕಣ್ಣು ಮುಚ್ಚಿ ಸಾಲಿನ ಮೇಲೆ ಬೆರಳಾಡಿಸಿದಳು. ಹೋಗುತ್ತ ಹೋಗುತ್ತ ಒಂದು ಕಡೆ ನಿಂತಳು. ಹಿಂದೆ ಬಂದಳು. ಮತ್ತೆ ಹೋದಳು. "ಅಮ್ಮಾ, ಇದು ತಪ್ಪು ಜಾಗದಲ್ಲಿ ಕೂತಿದೆ. ಇದು ಇದರ ಪಕ್ಕದ್ದಲ್ಲ." ನಂಬರು ಹರಿದ ಚೂರೇ ಅದು.

"ಭೇಷ್!" ಎಂದು ನಾದಿನಿ ಓಡಿಬಂದು ಮಗುವನ್ನು ಎತ್ತಿಕೊಂಡಳು. "ಬೋರ್ಡ್ ನೋಡಲ್ಲ ಅಂದ್ರಂತಲ್ಲ ಆ ಟೀಚರು, ಬಂದು ನೋಡ್ಲಿ. ಅಲ್ಲಾ ಅತ್ತಿಗೆ, ನೀವು ದಿನಾ ಇದರ ಜೊತೇಲೇ ಇರೋರು, ನಿಮಗೆ ಗೊತ್ತಾಗ್ಲಿಲ್ವಾ?"

"ಅವಸರದಲ್ಲಿ ಅಂಟಿಸ್ದೆ," ಎಂದಳು.

ಅದೇ ವಾರ ಚಳಿ ಜೋರಾಯಿತು. ಬೆಳಗ್ಗೆ ಕಾಫಿ ಕೊಡುವಾಗ ಅವಳ ಕೈಯಿಂದ ಲೋಟ ಜಾರಿ ಠಣ್ಣೆಂದು ಬಿದ್ದು ಉರುಳಿಕೊಂಡು ಹೋಯಿತು. ಅದು ಆ ತಿಂಗಳು ಬಿದ್ದ ಮೊದಲ ಲೋಟವೇನೂ ಅಲ್ಲ.

"ಏನಾಯ್ತು ಅತ್ತಿಗೆ?"

"ಏನಿಲ್ಲ ಕಣೇ. ಚಳಿಗೆ ಕೈ ಸ್ವಲ್ಪ ಮರಗಟ್ಟಿದೆ."

ನಾದಿನಿ ನೆಲ ಒರೆಸುವ ಬಟ್ಟೆ ತರಲು ಹೋದಳು. ಇಣಚಿ ಮಾತ್ರ ಅಲ್ಲೇ ನಿಂತಳು. ಅಮ್ಮನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮೂಗಿನ ತುದಿಗೆ ತಂದು, ತಿರುಗಿಸಿ ನೋಡಿದಳು. ತೋರುಬೆರಳಿನ ತುದಿಯನ್ನು ಬಾಯಿಗಿಟ್ಟು ಕಚ್ಚಿದಳು. ಕಚ್ಚಿಕೊಂಡೇ ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆಗಡಿಯಾರ ನೋಡುತ್ತಿದ್ದಳು, ಬಸ್ಸಿಗೆ ಹೊತ್ತಾಗಿತ್ತು.

ಆವತ್ತಿನಿಂದ ಇಣಚಿಯ ಆಟ ಸ್ವಲ್ಪ ಬದಲಾಯಿತು. ಸಂಜೆ ಅಮ್ಮ ಬಂದು ಕೂತರೆ, ಮನೆಯಲ್ಲಿದ್ದ ಸಾಮಾನೆಲ್ಲ ನೆಲದ ಮೇಲೆ ಗುಡ್ಡೆಗುಡ್ಡೆಯಾಗುತ್ತಿತ್ತು. ಇದು ಬಟ್ಟೆಯದು, ಇದು ಕಬ್ಬಿಣದ್ದು, ಇದು ಮರದ್ದು. ದಾರದುಂಡೆ, ಲಟ್ಟಣಿಗೆ, ಬಾಚಣಿಗೆ ಮರದ ಗುಡ್ಡೆಗೆ ಹೋದವು. ಕೊನೆಗೆ ಅಮ್ಮನ ಕೈ ಹಿಡಿದೆಳೆದು ಲಟ್ಟಣಿಗೆಯ ಪಕ್ಕದಲ್ಲಿ ಇಟ್ಟಳು. ನಾದಿನಿ ಬಿದ್ದುಬಿದ್ದು ನಕ್ಕಳು. ಅಮ್ಮನೂ ನಕ್ಕಳು, ನಗಬೇಕಾದ ಜಾಗವಾದ್ದರಿಂದ.

"ಈಗ ಚೀಲ. ಅಮ್ಮನ ಸರದಿ!"

"ನಂಗೆ ಸುಸ್ತು ಕಣೇ."

"ಟೀಚರು ಹೇಳಿದಾರೆ, ಅಮ್ಮನೂ ಆಡ್ಬೇಕು."

ಅಮ್ಮ ಚೀಲಕ್ಕೆ ಕೈ ಹಾಕಿ ಸುಮ್ಮನೆ ಅಲುಗಿಸಿದಳು. ಕಿಣಿಕಿಣಿ ಎಂದರೆ ಬೀಗದಕೈ. ಟಕ್ಕೆಂದರೆ ದಾರದುಂಡೆ. ಸದ್ದೇ ಬಾರದಿದ್ದರೆ ಕಿರುಬೆರಳನ್ನು ಮೆಲ್ಲಗೆ ಚಾಚುತ್ತಿದ್ದಳು. ಚುಚ್ಚಿದರೆ ಗೋಣಿ, ಚುಚ್ಚದಿದ್ದರೆ ಮಖಮಲ್ಲು.

"ಅಮ್ಮ ಕಳ್ಳಾಟ! ಕಿವಿಯಲ್ಲಿ ಆಡ್ತಿದಾಳೆ!"

"ನಿಮ್ಮಪ್ಪನ ಮನೆ ಕಡೆಯವರ ಕಣ್ಣು ಕಣೇ ನಿಂದು," ಎಂದು ಚೀಲದ ಲಾಡಿ ಬಿಗಿದಿಟ್ಟಳು.

ಮುಂದಿನ ರಜೆಯ ಮಧ್ಯಾಹ್ನ. ನಾದಿನಿ ಕಿಟಕಿಯ ಬಳಿ ಕೂತು ಲಂಗದ ಅಂಚು ಹೊಲಿಯುತ್ತಿದ್ದಳು. ಅಮ್ಮ ಗೋಡೆಗೊರಗಿ, ಎಡಗೈಯಲ್ಲಿ ಫೋನು ಹಿಡಿದು ಗಂಡನ ಜೊತೆ ಮಾತಾಡುತ್ತಿದ್ದಳು. ಬಲಗೈ ಇಣಚಿಯ ಮಡಿಲಲ್ಲಿತ್ತು. ಮಗಳು ಕೊಡು ಎಂದಿದ್ದಳು, ಇವಳು ಕೊಟ್ಟಿದ್ದಳು. ಗಂಡ ಯಾವುದೋ ರಸ್ತೆ ಕೆಟ್ಟಿರುವುದರ ಬಗ್ಗೆ ಹೇಳುತ್ತಿದ್ದ. ಇವಳು ಹೂಂ, ಹೂಂ ಎನ್ನುತ್ತಿದ್ದಳು. ಪಕ್ಕದಲ್ಲಿ ಎಲ್ಲೋ ಸರ್ ಸರ್ ಎಂಬ ಸದ್ದು. ಕಾರ್ಖಾನೆಯಲ್ಲಿ ದಿನವಿಡೀ ಕೇಳುವಂಥ ಸದ್ದೇ ಆದ್ದರಿಂದ ಅದು ಅವಳ ಕಿವಿಗೆ ಬೀಳಲಿಲ್ಲ.

"ಅಯ್ಯೋ, ಅತ್ತಿಗೆ! ಕೈ! ಕೈ ನೋಡಿ!"

ಅವಳು ನೋಡಿದಳು. ಪಟ್ಟಿಯಿಂದ ಕಿತ್ತ ಅತಿ ಒರಟಾದ ಚೂರು ಇಣಚಿಯ ಮುಷ್ಟಿಯಲ್ಲಿತ್ತು. ತೋರುಬೆರಳ ತುದಿಯ ಚರ್ಮ ಕಿತ್ತುಬಂದು, ರಕ್ತ ಮಗುವಿನ ಫ್ರಾಕಿನ ಮೇಲೆ ಇಳಿಯುತ್ತಿತ್ತು. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ಯಾರದೋ ಪಾಪ, ನೋಯುತ್ತಿರಬೇಕು ಎನ್ನಿಸಿತು.

ಇಣಚಿ ಚೂರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಮರ ಉಜ್ಜಿದ್ರೆ ನುಣ್ಣಗಾಗುತ್ತೆ ಅಂತ ನೀನೇ ಹೇಳಿದ್ದೆ. ಮರಗಟ್ಟಿದೆ ಅಂತಾನೂ ನೀನೇ ಹೇಳಿದ್ದೆ. ಅದಕ್ಕೇ... ಅದಕ್ಕೇ ಉಜ್ಜಿದೆ. ಮರದಲ್ಲಿ ರಕ್ತ ಇರಲ್ಲ ಅಲ್ವಾಮ್ಮಾ?"

"ಏನೇ? ಏನಾಯ್ತೇ ಅಲ್ಲಿ?" ಎಂದು ಫೋನಿನಲ್ಲಿ ಗಂಡ ಕೂಗುತ್ತಿದ್ದ.

"ನೋವಾಯ್ತಾ ಅಮ್ಮಾ?"

ಆಯಿತು ಎಂದರೆ ಮಗು ತಪ್ಪು ಮಾಡಿದವಳಾಗುತ್ತಾಳೆ. ಆಗಲಿಲ್ಲ ಎಂದರೆ ನಾಳೆ ಇನ್ನೊಂದು ಬೆರಳು ಉಜ್ಜುತ್ತಾಳೆ. ಯಾವ ಸುಳ್ಳು ಸರಿಯೆಂದು ಯೋಚಿಸುವಷ್ಟು ತ್ರಾಣ ಅವಳಲ್ಲಿರಲಿಲ್ಲ.

"ಇಲ್ಲ ಕಂದಾ. ಗೊತ್ತೇ ಆಗ್ಲಿಲ್ಲ." ಆಮೇಲೆ ಫೋನಿಗೆ, ಅದೇ ದನಿಯಲ್ಲಿ, "ಕೇಳಿಸ್ತಾ ರೀ? ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ. ತುಂಬಾ ದಿನ ಆಯ್ತು. ಮಗುಗೆ ಜ್ವರ ಬಂದ್ರೂ ಗೊತ್ತಾಗಲ್ಲ, ಕಿರುಬೆರಳು ಇಟ್ಟೇ ನೋಡ್ಬೇಕು."

ಆ ಕಡೆ ಲಾರಿಯ ಸದ್ದು ನಿಂತಿತು. ಗಾಡಿಯನ್ನು ಪಕ್ಕಕ್ಕೆ ಹಾಕಿದನೆಂದು ಕಾಣುತ್ತದೆ. "ನಂಗೆ ಯಾಕೇ ಹೇಳ್ಲಿಲ್ಲ?" ಎಂದ.

"ಹೇಳಿದ್ನಲ್ಲ ಈಗ."

ನಾದಿನಿ ಗಾಯ ತೊಳೆದು ಬಟ್ಟೆ ಕಟ್ಟಿದಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೊಮ್ಮೆ ಕಟ್ಟಿದಳು.

ಇಣಚಿ ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಬಟ್ಟೆಗೆ ಗುರುತು ಹಾಕುವ ಅತ್ತೆಯ ಸೀಮೆಸುಣ್ಣ ತಂದಳು. ಅಮ್ಮನ ಎಡಗೈ ಎತ್ತಿಕೊಂಡಳು. "ಕಣ್ಣು ಮುಚ್ಕೋ. ಕಳ್ಳಾಟ ಆಡ್ಬಾರ್ದು. ಇಲ್ಲಿ ಗೊತ್ತಾಗುತ್ತಾ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಹೂಂ... ಸ್ವಲ್ಪ."

ಅಲ್ಲಿ ಒಂದು ಗೆರೆ. ಬೆರಳಿಂದ ಬೆರಳಿಗೆ ಗೆರೆ ಹೋಯಿತು, ಉಂಗುರದ ಬೆರಳ ನಡುವಿನಲ್ಲಿ ಸೊಟ್ಟಗಾಯಿತು, ಕಿರುಬೆರಳ ಹತ್ತಿರ ಬಂದು ನಿಂತಿತು. "ಇಲ್ಲಿ?" "ಹೂಂ." "ತುದೀಲಿ?" "ಅಲ್ಲೂ ಹೂಂ."

"ಇದು ಇನ್ನೂ ಮರ ಆಗಿಲ್ಲ ಅತ್ತೇ!" ಎಂದು ಇಣಚಿ ಕೂಗಿದಳು. "ಗೆರೆಯಿಂದ ಆಚೆ ಮರ. ಈಚೆ ಅಮ್ಮ."

ಮರುದಿನ ಅಮ್ಮ ಆ ಗೆರೆಯನ್ನು ತೊಳೆಯದೆ ಕೆಲಸಕ್ಕೆ ಹೋದಳು. ಮೆಷಿನ್ನಿನ ಹತ್ತಿರ ಹೋಗದೆ ನೇರ ಮೇಸ್ತ್ರಿಯ ಮುಂದೆ ನಿಂತು ಕೈ ಚಾಚಿದಳು.

"ಇದೇನಕ್ಕಾ," ಎಂದು ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ನಕ್ಕ. "ಕುಯ್ಯೋಕೆ ಗುರುತು ಹಾಕ್ಕೊಂಡು ಬಂದಿದೀಯಾ?"

"ಗೆರೆಯಿಂದಾಚೆ ನಂಗೆ ಏನೂ ಗೊತ್ತಾಗಲ್ಲ."

ಮೇಸ್ತ್ರಿಯ ನಗು ಮುಖದಲ್ಲೇ ಉಳಿಯಿತು, ಕಣ್ಣಿನಿಂದ ಮಾತ್ರ ಹೋಯಿತು. ಅವನೂ ಎಷ್ಟೋ ವರ್ಷ ಮೆಷಿನ್ನು ಹಿಡಿದವನೇ. ತನ್ನ ಬೆರಳುಗಳನ್ನು ಒಮ್ಮೆ ಮಡಿಸಿ ಬಿಚ್ಚಿದ. "ಡಾಕ್ಟರ ಹತ್ರ ತೋರಿಸ್ಕೊಂಡು ಬಾ. ಅವರು ಏನಂತಾರೋ ನೋಡೋಣ. ಅಲ್ಲಿವರೆಗೆ ಪೊರಕೆ. ನನ್ನ ಬೈಕೋಬೇಡ."

"ಇಲ್ಲ," ಎಂದಳು. ಬೈದುಕೊಳ್ಳುವುದಕ್ಕೂ ಏನಾದರೂ ಅನ್ನಿಸಬೇಕಲ್ಲ. ಪೊರಕೆ ತೆಗೆದುಕೊಂಡು ಸಂಜೆಯವರೆಗೆ ಗುಡಿಸಿದಳು.

ಸಂಜೆ ಡಾಕ್ಟರ ಹತ್ತಿರ ಹೊರಟಾಗ ಇಣಚಿ ತಾನೂ ಬರುತ್ತೇನೆಂದು ಹಟ ಹಿಡಿದಳು. ರಸ್ತೆಯಲ್ಲಿ ಜನ, ಗಾಡಿ, ಅಂಗಡಿಗಳ ದೀಪ. ಯಾವಾಗಲೂ ಕೈ ಹಿಡಿಯುತ್ತಿದ್ದವಳು ಆವತ್ತು ಅಮ್ಮನ ಎಡಗೈಯ ಕಿರುಬೆರಳೊಂದನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಹಾಗ್ಯಾಕೆ ಹಿಡ್ಕೊಂಡಿದೀಯಾ? ಸರಿಯಾಗಿ ಹಿಡ್ಕೋ, ಗಾಡಿ ಬರುತ್ತೆ."

"ಬಿಟ್ರೆ ಇದೂ ಮರ ಆಗ್ಬಿಡುತ್ತೆ."

ಮುಷ್ಟಿ ಬೆಚ್ಚಗಿತ್ತು, ಸ್ವಲ್ಪ ಬೆವರಿತ್ತು. ಏನನ್ನೋ ತಿಂದು ತೊಳೆಯದೆ ಬಂದಿದ್ದಳೋ ಏನೋ, ಅಂಟಂಟು. ಒಂದು ಉಗುರು ಉದ್ದವಾಗಿದೆ, ಕತ್ತರಿಸಬೇಕು. ರಸ್ತೆ ದಾಟುವಾಗ ಮಗು ಇನ್ನೂ ಬಿಗಿಯಾಗಿ ಹಿಡಿಯಿತು. ಆ ಉಗುರು ಒತ್ತಿತು.

"ಮೆಲ್ಲಗೆ ಕಣೇ. ನೋಯುತ್ತೆ."

ಇಣಚಿ ನಡುರಸ್ತೆಯಲ್ಲೇ ನಿಂತುಬಿಟ್ಟಳು. ಮುಖವನ್ನು ಮೇಲೆತ್ತಿ ಕೇಳಿದಳು:

"ನೋಯ್ತಾ? ನಿಜವಾಗ್ಲೂ ನೋಯ್ತಾ ಅಮ್ಮಾ?"

ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು. ಅಮ್ಮ ಹೌದೆಂದು ತಲೆಯಾಡಿಸುವುದರೊಳಗೆ, ಖಾತ್ರಿ ಮಾಡಿಕೊಳ್ಳಲೆಂದು, ಇಣಚಿ ಇನ್ನೊಮ್ಮೆ ಚಿವುಟಿದಳು.